ಕಿವಿ ಕೇಳದವರಿಗೆ ಕಂಪ್ಯೂಟರ್ ಕಲಿಸುವುದು ಹೇಗೆ: ಮಂಡ್ಯದ ನಮ್ಮ ಸೆಂಟರಿನಲ್ಲಿ ಕಂಡುಕೊಂಡಿದ್ದು

ಮಂಡ್ಯದ ಅಶೋಕನಗರದಲ್ಲಿ ನನ್ನದೊಂದು ಚಿಕ್ಕ ಕಂಪ್ಯೂಟರ್ ಸೆಂಟರ್ ಇದೆ. ಎಂಟು ಕಂಪ್ಯೂಟರ್, ಒಂದು ಪ್ರಿಂಟರ್, ಬಾಗಿಲ ಹತ್ತಿರ ಜೆರಾಕ್ಸ್ ಮೆಷಿನ್. ಹನ್ನೊಂದು ವರ್ಷದ ಹಿಂದೆ ಕೆರಗೋಡು ಕಡೆಯ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. "ನಮ್ ಹೈದಂಗೆ ಕಿವಿ ಕೇಳಾಕಿಲ್ಲ ಕಣ್ರವ್ವ. ಕಂಪ್ಯೂಟ್ರು ಕಲುಸ್ಕೊಡ್ತೀರಾ?" ಅಂದರು. ಆಗಲ್ಲ ಅನ್ನಲು ಮನಸ್ಸು ಬರಲಿಲ್ಲ. ಹೇಗೆ ಕಲಿಸಬೇಕು ಅಂತ ಗೊತ್ತೂ ಇರಲಿಲ್ಲ.

ಮೊದಲ ತಿಂಗಳು ನಾನು ಜೋರಾಗಿ ಮಾತಾಡಿದೆ. ಅವನು ತಲೆಯಾಡಿಸಿದ. "ಅರ್ಥ ಆಯ್ತಾ?" ಅಂದರೆ ಮತ್ತೆ ತಲೆಯಾಡಿಸಿದ. ತಿಂಗಳ ಕೊನೆಗೆ "ಹೊಸ ಫೋಲ್ಡರ್ ಮಾಡಿ ಈ ಫೈಲನ್ನು ಅದರೊಳಗೆ ಸೇವ್ ಮಾಡು" ಅಂತ ಚೀಟಿ ಬರೆದು ಕೊಟ್ಟೆ. ಚೀಟಿಯನ್ನೇ ನೋಡುತ್ತಾ ಕೂತುಬಿಟ್ಟ. ಒಂದು ತಿಂಗಳು ಅವನಿಗೆ ಏನೂ ತಲುಪಿರಲಿಲ್ಲ. ಶಾಲೆಯಲ್ಲಿ, ಮನೆಯಲ್ಲಿ, ಬಸ್ಸಿನಲ್ಲಿ ತಲೆಯಾಡಿಸಿ ಸುಮ್ಮನಾಗುವುದು ಅವನಿಗೆ ರೂಢಿಯಾಗಿತ್ತು. ಇಲ್ಲ ಅಂದರೆ ಜನ ಬೇಜಾರು ಮಾಡಿಕೊಳ್ಳುತ್ತಾರೆ, ಹೂಂ ಅಂದರೆ ಬಿಟ್ಟುಬಿಡುತ್ತಾರೆ.

ಅವತ್ತಿನಿಂದ ನಾನು "ಅರ್ಥ ಆಯ್ತಾ?" ಅನ್ನುವ ಪ್ರಶ್ನೆಯನ್ನೇ ಬಿಟ್ಟೆ. "ಮಾಡಿ ತೋರಿಸು" ಅಂತ ಮಾತ್ರ ಕೇಳುತ್ತೇನೆ. ನೀವೂ ಅಲ್ಲಿಂದಲೇ ಶುರು ಮಾಡಿ. ಇಲ್ಲಿ ಬರೆದಿರುವುದೆಲ್ಲ ಆಮೇಲೆ ನಮ್ಮಲ್ಲಿ ಕಲಿತ ಇಪ್ಪತ್ತಾರು ಜನರಿಂದ ನಾನು ಕಲಿತಿದ್ದು. ಸಣ್ಣ ಸೆಂಟರ್ ನಡೆಸುವವರಿಗೆ, ಮನೆಯಲ್ಲಿ ತಮ್ಮನಿಗೋ ಮಗಳಿಗೋ ಕಲಿಸಬೇಕು ಅನ್ನುವವರಿಗೆ ಬರೆಯುತ್ತಿದ್ದೇನೆ.

ಸೇರಿಸಿಕೊಳ್ಳುವ ದಿನ ಏನು ಕೇಳಬೇಕು

ಅಪ್ಪ-ಅಮ್ಮ ಜೊತೆಗೆ ಬಂದಿರುತ್ತಾರೆ. ನಾವು ಅವರ ಜೊತೆಯೇ ಮಾತಾಡುತ್ತೇವೆ, ಹುಡುಗ ಗೋಡೆ ನೋಡುತ್ತಾ ನಿಂತಿರುತ್ತಾನೆ. ಹಾಗೆ ಮಾಡಬೇಡಿ. ಒಂದು ಹಾಳೆ, ಪೆನ್ನು ಇಟ್ಟುಕೊಂಡು ಹುಡುಗನ ಎದುರು ಕೂತುಕೊಳ್ಳಿ. ತಿಳಿಯಬೇಕಾದ್ದು ನಾಲ್ಕೇ ವಿಷಯ: ಕಿವಿಯ ಮೆಷಿನ್ ಹಾಕಿಕೊಂಡರೆ ಎಷ್ಟು ಕೇಳುತ್ತದೆ, ತುಟಿ ನೋಡಿ ಎಷ್ಟು ಗೊತ್ತಾಗುತ್ತದೆ, ಸನ್ನೆ ಭಾಷೆ ಬರುತ್ತದಾ, ಕನ್ನಡ ಎಷ್ಟು ಓದುತ್ತಾರೆ. ಪ್ರತಿಯೊಬ್ಬರದೂ ಬೇರೆ.

ಸರ್ಟಿಫಿಕೇಟಿನಲ್ಲಿ ಡೆಸಿಬೆಲ್ ಲೆಕ್ಕ ಇರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟ ಇದ್ದರೆ ಕಿವುಡುತನ, 60ರಿಂದ 70 ಇದ್ದರೆ ಮಂದ ಶ್ರವಣ. ಸೌಲಭ್ಯ ಪಡೆಯಲು ಆ ಅಂಕಿ ಬೇಕು. ಪಾಠ ಹೇಳಲು ಅದು ಸಾಕಾಗುವುದಿಲ್ಲ. ಒಂದೇ ಅಂಕಿ ಇರುವ ಇಬ್ಬರಲ್ಲಿ ಒಬ್ಬಳು ಫೋನಿನಲ್ಲಿ ಅಮ್ಮನ ದನಿ ಗುರುತಿಸುತ್ತಿದ್ದಳು, ಇನ್ನೊಬ್ಬನಿಗೆ ಲಾರಿ ಹಾರನ್ ಮಾತ್ರ ಕೇಳುತ್ತಿತ್ತು.

ಇನ್ನೊಂದು ಮಾತು. ನಮ್ಮ ಕಡೆ ಹಳ್ಳಿಗಳಲ್ಲಿ ಈಗಲೂ "ಮೂಗ" ಅಂತ ಕರೆಯುತ್ತಾರೆ. ಸೆಂಟರಿನೊಳಗೆ ಆ ಪದ ಬೇಡ. ಇವರಿಗೆ ಭಾಷೆ ಇದೆ, ಅದು ಕೈಯಲ್ಲಿದೆ.

ಕೂರಿಸುವುದು, ಬೆಳಕು, ಕರೆಯುವುದು

ಸಾಲಾಗಿ ಗೋಡೆ ಕಡೆ ಮುಖ ಮಾಡಿ ಕೂರಿಸಿದರೆ ಪ್ರತಿ ಸಲ ಅವರು ಕುತ್ತಿಗೆ ತಿರುಗಿಸಿ ನಿಮ್ಮನ್ನು ನೋಡಬೇಕು. ಹತ್ತು ನಿಮಿಷಕ್ಕೆ ಸುಸ್ತು. ನಮ್ಮ ಟೇಬಲ್‌ಗಳನ್ನು ಲಾಳದ ಆಕಾರಕ್ಕೆ ತಿರುಗಿಸಿದೆವು. ನಾನು ನಡುವೆ ನಿಂತರೆ ಎಲ್ಲರಿಗೂ ಕಾಣುತ್ತೇನೆ, ಅವರಿಗೂ ಒಬ್ಬರ ಕೈ ಇನ್ನೊಬ್ಬರಿಗೆ ಕಾಣುತ್ತದೆ. ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡಿ. ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ, ತುಟಿಯೂ ಕಾಣಲ್ಲ, ಕೈಯೂ ಕಾಣಲ್ಲ.

ಕರೆಯಬೇಕಾದರೆ ಟ್ಯೂಬ್‌ಲೈಟ್ ಸ್ವಿಚ್ಚನ್ನು ಎರಡು ಸಲ ಆರಿಸಿ ಹಚ್ಚಿ. ಒಬ್ಬರನ್ನೇ ಕರೆಯಬೇಕಾದರೆ ಭುಜ ಮೆಲ್ಲಗೆ ತಟ್ಟಿ, ಅಥವಾ ಅವರ ಟೇಬಲ್ ಮೇಲೆ ತಟ್ಟಿ, ಅದುರುವುದು ಗೊತ್ತಾಗುತ್ತದೆ. ಹಿಂದಿನಿಂದ ಬಂದು ಮೌಸ್ ಮೇಲೆ ಕೈ ಹಾಕಬೇಡಿ. ಒಬ್ಬ ಹುಡುಗಿ ಹಾಗೆ ಬೆಚ್ಚಿಬಿದ್ದಿದ್ದನ್ನು ನೋಡಿ, ಪ್ರತಿ ಮಾನಿಟರಿನ ಮೂಲೆಗೆ ಬೈಕಿನ ಹಳೆಯ ಸೈಡ್ ಮಿರರ್ ಕಟ್ಟಿಸಿದೆ. ಹಿಂದೆ ಯಾರು ಬಂದರೂ ಈಗ ಕಾಣುತ್ತದೆ.

ಕಣ್ಣು ಒಂದೇ ಜೋಡಿ

ಇದು ಮುಖ್ಯ. ಉಳಿದಿದ್ದು ಮರೆತರೂ ಇದನ್ನು ಮರೆಯಬೇಡಿ.

ಕೇಳಿಸುವ ಹುಡುಗರಿಗೆ ನಾವು ಹೇಗೆ ಕಲಿಸುತ್ತೇವೆ? ಸ್ಕ್ರೀನ್ ತೋರಿಸುತ್ತಾ ಮಾತಾಡುತ್ತೇವೆ. "ಇಲ್ಲಿ ಕ್ಲಿಕ್ ಮಾಡು, ಆಮೇಲೆ ಇಲ್ಲಿ." ಕಣ್ಣು ಸ್ಕ್ರೀನಿನಲ್ಲಿ, ಕಿವಿ ನಮ್ಮ ಕಡೆ. ಕಿವಿ ಕೇಳದವರಿಗೆ ಎರಡೂ ಕೆಲಸ ಕಣ್ಣೇ ಮಾಡಬೇಕು. ಸ್ಕ್ರೀನ್ ನೋಡಿದರೆ ನೀವು ಹೇಳಿದ್ದು ತಪ್ಪಿಹೋಗುತ್ತದೆ, ನಿಮ್ಮನ್ನು ನೋಡಿದರೆ ಸ್ಕ್ರೀನಿನಲ್ಲಿ ಆಗಿದ್ದು ತಪ್ಪಿಹೋಗುತ್ತದೆ. ನೋಟ್ಸ್ ಬರೆದುಕೋ ಅಂದರೆ ಎರಡೂ ಹೋಯಿತು.

ಹಾಗಾಗಿ ಪಾಠವನ್ನು ತುಂಡು ಮಾಡಬೇಕು. ಕಾಪಿ, ಪೇಸ್ಟ್ ಕಲಿಸುವುದನ್ನು ನೋಡಿ. ಮೊದಲು ಅವರ ಕಣ್ಣು ನಿಮ್ಮ ಮೇಲೆ ಬರುವವರೆಗೆ ಕಾಯಿರಿ. "ಈಗ ಒಂದು ಸಾಲು ಆರಿಸುತ್ತೇನೆ, ನೋಡು" ಅಂತ ಸನ್ನೆ ಮಾಡಿ. ಸ್ಕ್ರೀನ್ ಕಡೆ ಬೆರಳು ತೋರಿಸಿ. ಅವರು ತಿರುಗಿದ ಮೇಲೆ ಮೌಸ್ ಹಿಡಿಯಿರಿ. ನಿಧಾನವಾಗಿ ಸಾಲು ಆರಿಸಿ. ಆಗ ಬಾಯಿ, ಕೈ ಎರಡೂ ಸುಮ್ಮನಿರಲಿ. ಮೌಸ್ ಬಿಟ್ಟು ನಿಲ್ಲಿ. ಅವರು ಮತ್ತೆ ನಿಮ್ಮ ಕಡೆ ನೋಡುತ್ತಾರೆ. ಈಗ ಕಂಟ್ರೋಲ್ ಕೀ, ಸಿ ಕೀ ತೋರಿಸಿ. ಒತ್ತಿ. ಕಾಪಿ ಮಾಡಿದಾಗ ಸ್ಕ್ರೀನಿನಲ್ಲಿ ಏನೂ ಬದಲಾಗುವುದಿಲ್ಲ ಅಲ್ವಾ? ಇಲ್ಲೇ ಎಲ್ಲರೂ ಎಡವುತ್ತಾರೆ. ಏನೂ ಆಗಲಿಲ್ಲ ಅಂತ ಮತ್ತೆ ಮತ್ತೆ ಒತ್ತುತ್ತಾರೆ. ನಾನು ಒಂದು ಚೀಟಿಯಲ್ಲಿ ಅದೇ ಸಾಲು ಬರೆದು ಅವರ ಜೇಬಿಗೆ ಹಾಕುತ್ತೇನೆ. ಕಾಣಲ್ಲ, ಆದರೆ ಜೇಬಿನಲ್ಲಿದೆ. ಆಮೇಲೆ ಜೇಬಿನಿಂದ ತೆಗೆದು ಬೇರೆ ಹಾಳೆ ಮೇಲೆ ಇಡುತ್ತೇನೆ, ಅದು ಪೇಸ್ಟ್. ಈಗ ನಮ್ಮ ಸೆಂಟರಿನಲ್ಲಿ ಕಾಪಿಗೆ ಎಲ್ಲರೂ ಜೇಬು ಮುಟ್ಟಿ ತೋರಿಸುತ್ತಾರೆ.

ಇದಕ್ಕೆ ಜಾಸ್ತಿ ಸಮಯ ಬೇಕು. ಒಂದು ಗಂಟೆಯ ಪಾಠ ಒಂದೂವರೆ ಗಂಟೆ ಹಿಡಿಯುತ್ತದೆ. ಮೊದಲೇ ಅಷ್ಟು ಇಟ್ಟುಕೊಳ್ಳಿ, ಅವಸರ ಮಾಡಬೇಡಿ. ಮೌಸಿನ ಬಾಣವನ್ನು ಸೆಟ್ಟಿಂಗ್ಸಿನಲ್ಲಿ ದೊಡ್ಡದು ಮಾಡಿ, ಬಣ್ಣ ಹಾಕಿ. ಕಂಟ್ರೋಲ್ ಕೀ ಒತ್ತಿದಾಗ ಬಾಣದ ಸುತ್ತ ಉಂಗುರ ಕಾಣುವಂತೆ ಮಾಡುವ ಆಯ್ಕೆಯೂ ಮೌಸ್ ಸೆಟ್ಟಿಂಗ್ಸಿನಲ್ಲಿ ಇದೆ. ನಿಮ್ಮ ಕಡೆಯಿಂದ ಸ್ಕ್ರೀನಿಗೆ ಬಂದ ಕಣ್ಣು ಬಾಣ ಹುಡುಕುವುದರಲ್ಲೇ ಸಮಯ ಕಳೆಯಬಾರದು.

ಸನ್ನೆ ಬರದಿದ್ದರೆ? ಕಲಿಯಿರಿ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 10,000 ಪದಗಳ ವಿಡಿಯೋ ಇವೆ, ತಾಂತ್ರಿಕ ಪದಗಳೂ ಸೇರಿವೆ. ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. ನಾನು ದಿನಕ್ಕೆ ಐದು ಪದ ಕಲಿತೆ. ಆದರೆ ನಿಜವಾಗಿ ಕಲಿಸಿದ್ದು ಹುಡುಗರೇ. ನಿಘಂಟಿನಲ್ಲಿ ಸಿಗದ ಪದಕ್ಕೆ ನೀವೊಬ್ಬರೇ ಸನ್ನೆ ಹುಟ್ಟಿಸಬೇಡಿ. ಅದು ಏನು ಕೆಲಸ ಮಾಡುತ್ತದೆ ಅಂತ ತೋರಿಸಿ, ಅವರು ತಮ್ಮತಮ್ಮಲ್ಲಿ ಮಾತಾಡಿಕೊಂಡು ಒಂದು ಸನ್ನೆ ಮಾಡುತ್ತಾರೆ. ಅದು ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ.

ತುಟಿ ನೋಡಿ ತಿಳಿದುಕೊಳ್ಳುತ್ತಾರೆ ಅಂತ ನೆಚ್ಚಿಕೊಳ್ಳಬೇಡಿ. ಕನ್ನಡಿ ಮುಂದೆ ನಿಂತು ದನಿ ಹೊರಡಿಸದೆ ಪಡಿ, ಬಡಿ, ಮಡಿ ಅನ್ನಿ. ಮೂರೂ ಒಂದೇ ಥರ ಕಾಣುತ್ತವೆ.

ನುಡಿ ಟೈಪಿಂಗ್: ಕಿವಿಯ ಕೀಲಿಮಣೆಯನ್ನು ಕಣ್ಣಿಗೆ ಒಗ್ಗಿಸುವುದು

ನಮ್ಮ ಕಡೆ ಕೆಲಸ ಸಿಗಬೇಕಾದರೆ ನುಡಿ ಅನ್ನುವ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಬರಲೇಬೇಕು. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ್ದು. ಅದರ ಸೊಗಸು ಇರುವುದೇ ಧ್ವನಿಯಲ್ಲಿ. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ಕೇಳಿಸುವವರು ಒಂದೇ ದಿನದಲ್ಲಿ ಹಿಡಿದುಬಿಡುತ್ತಾರೆ. ಆದರೆ ಕ ಅನ್ನುವ ಧ್ವನಿಯನ್ನೇ ಕೇಳದವನಿಗೆ ಕೆ ಅಕ್ಷರಕ್ಕೂ ಕ ಅಕ್ಷರಕ್ಕೂ ಏನು ನಂಟು? ಅವನಿಗೆ ಅವೆರಡು ಬೇರೆ ಬೇರೆ ಚಿತ್ರ. ನಾವು ಸುಲಭ ಅಂದುಕೊಂಡಿದ್ದು ಅವನಿಗೆ ಬರೀ ಬಾಯಿಪಾಠ.

ಹಾಗಾಗಿ ಧ್ವನಿಯ ವಿಷಯ ಬಿಟ್ಟೆ. ಕೀ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿದೆ. ಜಾಗ ನೋಡಿ ಕಲಿಯಲಿ. ಟ ಇರುವುದು ಕ್ಯೂ ಕೀಯಲ್ಲಿ, ಡ ಇರುವುದು ಡಬ್ಲ್ಯು ಕೀಯಲ್ಲಿ. ಅಲ್ಲಿ ಧ್ವನಿಯ ನಂಟೇ ಇಲ್ಲ. ಕೇಳಿಸುವ ಹುಡುಗರು ಅಲ್ಲಿ ತಡವರಿಸುತ್ತಾರೆ. ಇವರು ತಡವರಿಸುವುದಿಲ್ಲ, ಇವರಿಗೆ ಎಲ್ಲ ಕೀಗಳೂ ಒಂದೇ.

ನಿಜವಾದ ಕಷ್ಟ ಒತ್ತಕ್ಷರದಲ್ಲಿ. "ಅಮ್ಮ" ಬರೆಯಲು ಅ, ಮ, ಆಮೇಲೆ ಎಫ್ ಕೀ, ಮತ್ತೆ ಮ ಒತ್ತಬೇಕು. ಎಫ್ ಅಂದರೆ ಮುಂದಿನ ಅಕ್ಷರವನ್ನು ಕೆಳಗೆ ಇಳಿಸುವ ಕೀ ಅಂತ ಕೈಯಿಂದ ತೋರಿಸಿದರೆ ತಿಳಿಯುತ್ತದೆ. ಮೇಲಿನದು ನೀಲಿ, ಕೆಳಗಿನದು ಕೆಂಪು ಪೆನ್ನಿನಲ್ಲಿ ಬರೆದು ಕೊಡಿ.

ಅರ್ಕಾವತ್ತು ಬಂದಾಗ ಮಾತ್ರ ನಾನೂ ನಿಂತುಬಿಟ್ಟೆ. ಕೆರಗೋಡಿನ ಹುಡುಗನಿಗೆ "ಕರ್ನಾಟಕ" ಟೈಪ್ ಮಾಡಲು ಕೊಟ್ಟಿದ್ದೆ. ಅವನು ಕ, ನಾ ಒತ್ತಿದ. ಆಮೇಲೆ ಪೂರ್ತಿ ಕೀಬೋರ್ಡ್ ಹುಡುಕಿದ. ಕೊನೆಗೆ ಕನ್ನಡದ ಒಂಬತ್ತನ್ನು ಒತ್ತಿ ಟ, ಕ ಸೇರಿಸಿದ. ಸ್ಕ್ರೀನಿನಲ್ಲಿ "ಕನಾ೯ಟಕ" ಅಂತ ಬಂತು. ಖುಷಿಯಿಂದ ನನ್ನ ಕಡೆ ನೋಡಿದ. ತಪ್ಪು ಅಂತ ಹೇಳಲು ಬಾಯಿ ಬರಲಿಲ್ಲ, ಯಾಕೆಂದರೆ ಅವನು ಕಂಡಿದ್ದನ್ನು ಕಂಡ ಹಾಗೆಯೇ ಬರೆದಿದ್ದ. ಕಣ್ಣಿಗೆ ನಾ ಮೊದಲು ಕಾಣುತ್ತದೆ, ಅರ್ಕಾವತ್ತು ಆಮೇಲೆ. ರ್ ಮೊದಲು ಬರುತ್ತದೆ ಅಂತ ಹೇಳುವುದು ಕಿವಿ. ಆ ಕಿವಿ ಅವನಿಗೆ ಇಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ಹೀಗಿದೆ. ರಟ್ಟಿನ ತುಂಡುಗಳ ಮೇಲೆ ಕ, ರ, ನಾ, ಟ, ಕ ಬರೆಯಿರಿ. ಸಾಲಾಗಿ ಜೋಡಿಸಿ. ಆಮೇಲೆ ರ ತುಂಡನ್ನು ಎತ್ತಿ, ನಾ ಮೇಲೆ ಹಾರಿಸಿ, ಅದರ ಆ ಕಡೆ ಇಡಿ. ಇಡುವಾಗ ತುಂಡನ್ನು ತಿರುಗಿಸಿದರೆ ಹಿಂದೆ ಅರ್ಕಾವತ್ತಿನ ಗುರುತು ಬರೆದಿರಬೇಕು. ರ ಮೊದಲು ಬಂದು ಆಮೇಲೆ ಹಾರುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಸೂರ್ಯ, ವರ್ಷ, ಮಾರ್ಚ್, ಅರ್ಜಿ ಹೀಗೆ ಇಪ್ಪತ್ತು ಪದ ಹಾರಿಸಿದ ಮೇಲೆ ಆರ್, ಎಫ್, ಆಮೇಲೆ ಅಕ್ಷರ ಅಂತ ಬೆರಳು ತಾನಾಗಿ ಹೋಗುತ್ತದೆ. ಒಂಬತ್ತರ ತಪ್ಪು ನಮ್ಮಲ್ಲಿ ಆಮೇಲೆ ಬರಲಿಲ್ಲ.

ಅವರ ಸ್ವಂತ ಬರವಣಿಗೆ ನೋಡಿ ಬೇಸರ ಪಡಬೇಡಿ. "ನಾನು ನಾಳೆ ಮೈಸೂರು ಹೋಗು" ಅಂತ ಬರೆಯುತ್ತಾರೆ. ಸನ್ನೆ ಭಾಷೆಯ ವ್ಯಾಕರಣವೇ ಬೇರೆ. ಮೈಸೂರಿಗೆ, ಮೈಸೂರಿನಿಂದ ಅನ್ನುವ ಪ್ರತ್ಯಯಗಳು ಅಲ್ಲಿ ಕನ್ನಡದ ಹಾಗೆ ಪದದ ಬಾಲಕ್ಕೆ ಅಂಟುವುದಿಲ್ಲ. ಕನ್ನಡ ಅವರಿಗೆ ಎರಡನೇ ಭಾಷೆ. ನಿಮ್ಮ ನೋಟ್ಸನ್ನೂ ಅದಕ್ಕೆ ತಕ್ಕ ಹಾಗೆ ಬರೆಯಿರಿ. ಒಂದು ಸಾಲಿಗೆ ಒಂದೇ ಕೆಲಸ, ಪಕ್ಕದಲ್ಲಿ ಸ್ಕ್ರೀನಿನ ಚಿತ್ರ. ಇಂಗ್ಲಿಷಿನಲ್ಲಿ ಎದ್ದು ನಿಲ್ಲುವ ಪ್ರಶ್ನೆಪೆಟ್ಟಿಗೆಗಳು ಇವೆಯಲ್ಲ, ಸೇವ್ ಮಾಡಬೇಕಾ ಬೇಡವಾ ಅನ್ನುವಂಥವು, ಅವನ್ನೆಲ್ಲ ಪ್ರಿಂಟ್ ತೆಗೆದು ಕೆಳಗೆ ಕನ್ನಡದಲ್ಲಿ ಅರ್ಥ ಬರೆದು ಗೋಡೆಗೆ ಅಂಟಿಸಿ. ನಮ್ಮಲ್ಲಿ ಹನ್ನೆರಡು ಇವೆ.

ಶಬ್ದ ಮಾಡುವ ಎಲ್ಲವನ್ನೂ ಕಾಣುವ ಹಾಗೆ ಮಾಡಿ

ಮಂಡ್ಯದಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಯುಪಿಎಸ್ ಕೂಗುತ್ತದೆ, ನಾವು ಸೇವ್ ಮಾಡಿಕೊಳ್ಳುತ್ತೇವೆ. ಒಂದು ದಿನ ಹಗಲು ಹೊತ್ತು, ಲೈಟ್ ಹಾಕಿರಲಿಲ್ಲ, ಫ್ಯಾನೂ ಇರಲಿಲ್ಲ. ಒಬ್ಬ ಹುಡುಗಿ ಹದಿನಾಲ್ಕು ಪುಟ ಟೈಪ್ ಮಾಡುತ್ತಾ ಕೂತಿದ್ದಳು. ನಾನು ಜೆರಾಕ್ಸ್ ಹತ್ತಿರ ಗಿರಾಕಿ ಜೊತೆ ಇದ್ದೆ. ಯುಪಿಎಸ್ ಅಷ್ಟು ಹೊತ್ತು ಕೂಗಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಸ್ಕ್ರೀನ್ ಕಪ್ಪಾಯಿತು, ಎಲ್ಲ ಹೋಯಿತು. ಅವಳು ಅತ್ತಿದ್ದು ಇನ್ನೂ ಕಣ್ಣ ಮುಂದಿದೆ. ಈಗ ಯುಪಿಎಸ್ ಟೇಬಲ್ ಮೇಲೆ, ಅದರ ದೀಪ ಕಾಣುವ ಹಾಗೆ ಇದೆ. ಯುಪಿಎಸ್ ಸಂಪರ್ಕ ಇಲ್ಲದ ಒಂದು ಸಣ್ಣ ಎಲ್‌ಇಡಿ ಬಲ್ಬ್ ಯಾವಾಗಲೂ ಉರಿಯುತ್ತಿರುತ್ತದೆ. ಅದು ಆರಿದರೆ ಕರೆಂಟ್ ಹೋಯಿತು ಅಂತ. ಮತ್ತೆ, ಪ್ರತಿ ಪ್ಯಾರಾ ಮುಗಿದ ಮೇಲೆ ಕಂಟ್ರೋಲ್ ಎಸ್.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಲ್ಲಿ ಆಕ್ಸೆಸಿಬಿಲಿಟಿ, ಅಲ್ಲಿ ಆಡಿಯೋ ಅಂತ ಹೋಗಿ. ಶಬ್ದ ಬಂದಾಗ ಸ್ಕ್ರೀನ್ ಮಿನುಗುವ ಆಯ್ಕೆ ಇದೆ, ಪೂರ್ತಿ ಸ್ಕ್ರೀನ್ ಮಿನುಗುವಂತೆ ಇಡಿ. ವಿಂಡೋಸ್ 10ರಲ್ಲಿ ಇದು ಈಸ್ ಆಫ್ ಆಕ್ಸೆಸ್ ಒಳಗಿದೆ. ಒಂದು ಕಿವಿ ಮಾತ್ರ ಕೇಳುವವರಿಗೆ ಅಲ್ಲೇ ಮೋನೋ ಆಡಿಯೋ ಹಾಕಿ, ಎರಡೂ ಕಡೆಯ ಶಬ್ದ ಒಂದೇ ಕಿವಿಗೆ ಬರುತ್ತದೆ.

ಮಾತನ್ನು ಅಕ್ಷರ ಮಾಡಲು ಆಂಡ್ರಾಯ್ಡ್ ಫೋನಿನಲ್ಲಿ ಲೈವ್ ಟ್ರಾನ್ಸ್‌ಕ್ರೈಬ್ ಇದೆ. ಗೂಗಲ್ 2019ರಲ್ಲಿ ತಂದಿದ್ದು, ಕನ್ನಡವೂ ಬರುತ್ತದೆ. ಸೆಟ್ಟಿಂಗ್ಸಿನಲ್ಲಿ ಭಾಷೆ ಕನ್ನಡ ಅಂತ ಆರಿಸಿ, ಫೋನನ್ನು ಮಾತಾಡುವವರ ಹತ್ತಿರ ಇಡಿ. ನಿಧಾನವಾಗಿ, ಬರೆಯುವ ಕನ್ನಡಕ್ಕೆ ಹತ್ತಿರವಾಗಿ ಮಾತಾಡಿದರೆ ಚೆನ್ನಾಗಿ ಬರೆಯುತ್ತದೆ. ನಮ್ಮ ಮಂಡ್ಯದ ಮಾತಿಗೆ ತಡಬಡಾಯಿಸುತ್ತದೆ, ಊರ ಹೆಸರು, ಜನರ ಹೆಸರು ತಪ್ಪಾಗುತ್ತವೆ. ಅವನ್ನು ಹಾಳೆ ಮೇಲೆ ಬರೆದು ಕೊಡಿ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಇದು ಬಹಳ ಕೆಲಸಕ್ಕೆ ಬಂದಿದೆ.

ಮನೆಯಲ್ಲಿ ಕಲಿಯಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಒಳ್ಳೆಯದು. ಹೆಸರಿನಲ್ಲಿ ಮಾತು ಇದ್ದರೂ ಪಾಠದ ಮಾತೆಲ್ಲ ಬರಹದಲ್ಲೂ ಸಿಗುತ್ತದೆ. ಲಿಬ್ರೆ ಆಫೀಸ್ ಪಾಠಗಳು ಕನ್ನಡದಲ್ಲೂ ಇವೆ. ಬರಹವನ್ನು ಪ್ರಿಂಟ್ ತೆಗೆದು ಕೊಡಿ. ಮೊದಲು ಓದಲಿ, ಆಮೇಲೆ ವಿಡಿಯೋ ನೋಡಲಿ.

ಮೆಷಿನ್ ಹಾಕಿಕೊಳ್ಳುವವರಿಗೆ

ಕೂಗಬೇಡಿ. ಕೂಗಿದರೆ ಮೆಷಿನ್‌ನಲ್ಲಿ ಒಡೆದ ಶಬ್ದ ಬರುತ್ತದೆ, ತುಟಿಯೂ ಸೊಟ್ಟಗಾಗುತ್ತದೆ. ಹತ್ತಿರ, ಎದುರಿಗೆ, ಮಾಮೂಲಿ ದನಿಯಲ್ಲಿ ಮಾತಾಡಿ. ಕಿರುಗುಟ್ಟುವ ಫ್ಯಾನ್ ಆರಿಸಿ, ಜೆರಾಕ್ಸ್ ಮೆಷಿನ್ ಪಕ್ಕ ಕೂರಿಸಬೇಡಿ. ಮೆಷಿನ್ ಎಲ್ಲ ಶಬ್ದವನ್ನೂ ದೊಡ್ಡದು ಮಾಡುತ್ತದೆ. ಹೊಸ ಬ್ಯಾಟರಿಯ ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಲಿ. ಮೆಷಿನ್ ಸರಿಯಿಲ್ಲ ಅನಿಸಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಿ. ಇಲ್ಲಿಂದ 45 ಕಿಲೋಮೀಟರ್, ಬೆಳಗ್ಗೆ ರೈಲು ಹತ್ತಿದರೆ ಸಂಜೆಗೆ ವಾಪಸ್.

ಕಾಗದಪತ್ರ

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿದ್ದಾರಾ ಅಂತ ನೋಡಿ. ಇಲ್ಲದಿದ್ದರೆ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ತಾಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು ಅನ್ನುವ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಕಾಣಲು ಹೇಳಿ. ಅರ್ಜಿಯನ್ನು ಆನ್‌ಲೈನಿನಲ್ಲಿ ಹುಡುಗರಿಂದಲೇ ತುಂಬಿಸಿ, ಅದೇ ಒಂದು ಪಾಠ. 2016ರ ಕಾಯ್ದೆಯಲ್ಲಿ ಸರ್ಕಾರಿ ಕೆಲಸಗಳಲ್ಲಿ ಅಂಗವಿಕಲರಿಗೆ 4% ಮೀಸಲು, ಅದರಲ್ಲಿ 1% ಕಿವಿ ಕೇಳದವರಿಗೆ. ಮುಂದೆ ಓದುವ ಆಸೆ ಇದ್ದರೆ ಮೈಸೂರಿನಲ್ಲಿ ಜೆಎಸ್‌ಎಸ್‌ನವರ ಅಂಗವಿಕಲರ ಪಾಲಿಟೆಕ್ನಿಕ್ ಇದೆ. ನಮ್ಮಲ್ಲಿ ಕಲಿತ ಇಬ್ಬರು ಅಲ್ಲಿಗೆ ಸೇರಿದರು.

ಕೆಲಸಕ್ಕೆ ಸೇರಿಸುವಾಗ

ಟೈಪಿಂಗ್ ಬಂದ ಮೇಲೂ ಅಡ್ಡ ಬರುವುದು ಫೋನ್. ಒಂದು ಕಡೆ ಎಲ್ಲ ಸರಿಯಾಗಿ ಅರ್ಜಿ ಹಾಕಿದ್ದ ಹುಡುಗನಿಗೆ ಸಂದರ್ಶನಕ್ಕೆ ಬಾ ಅಂತ ಫೋನ್ ಮಾಡಿದ್ದರು. ಮೂರು ಸಲ ಮಾಡಿ, ಎತ್ತಲಿಲ್ಲ ಅಂತ ಬೇರೆಯವರನ್ನು ತೆಗೆದುಕೊಂಡರು. ಅರ್ಜಿಯಲ್ಲಿ ಕಿವಿ ಕೇಳುವುದಿಲ್ಲ ಅಂತ ಬರೆದೇ ಇತ್ತು. ಅದಕ್ಕೇ ಈಗ ಬಯೋಡೇಟಾದ ಮೊದಲ ಸಾಲಿನಲ್ಲೇ, ಫೋನ್ ನಂಬರಿನ ಪಕ್ಕದಲ್ಲೇ, ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ: "ನನಗೆ ಕಿವಿ ಕೇಳುವುದಿಲ್ಲ. ಕರೆ ಮಾಡಬೇಡಿ, ವಾಟ್ಸ್ಆಪ್ ಅಥವಾ ಮೆಸೇಜ್ ಮಾಡಿ." ಓಟಿಪಿಯನ್ನು ಯಾರಿಗೂ ಕಳಿಸಬಾರದು ಅನ್ನುವುದನ್ನು ಮೆಸೇಜ್ ಪಾಠದ ಜೊತೆಗೇ ಕಲಿಸಿ. ಇವರಿಗೆ ಮೋಸದ ಕರೆ ಬರುವುದಿಲ್ಲ, ಮೋಸದ ಮೆಸೇಜ್ ಬರುತ್ತದೆ.

ಸೇರಿದ ಮೊದಲ ವಾರ ನೀವೂ ಒಂದು ಸಲ ಅಲ್ಲಿಗೆ ಹೋಗಿ ಬನ್ನಿ. ಕೆರಗೋಡಿನ ಹುಡುಗ ಈಗ ಮಂಡ್ಯದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಾನೆ. ಮಾಲೀಕರು ಮುಂದಿನ ಕೋಣೆಯಲ್ಲಿ, ಇವನು ಹಿಂದಿನ ಕೋಣೆಯಲ್ಲಿ. ಪ್ರತಿ ಸಲ ಎದ್ದು ಬಂದು ಭುಜ ತಟ್ಟಬೇಕು ಅಂತ ಮಾಲೀಕರಿಗೆ ಬೇಸರ ಬರಲು ಶುರುವಾಗಿತ್ತು. "ಒಳ್ಳೆ ಕೆಲಸಗಾರ ಮೇಡಂ, ಆದ್ರೆ ಕೂಗಿದ್ರೆ ಬರಲ್ವಲ್ಲ" ಅಂದರು. ಎಲೆಕ್ಟ್ರಿಷಿಯನ್ ಕರೆಸಿ, ಅವರ ಟೇಬಲ್ ಪಕ್ಕ ಒಂದು ಸ್ವಿಚ್, ಇವನ ಮಾನಿಟರ್ ಮೇಲೆ ಒಂದು ಕೆಂಪು ಬಲ್ಬ್ ಹಾಕಿಸಿದೆವು. ವೈರ್ ಸೇರಿ ಮುನ್ನೂರು ರೂಪಾಯಿ ಆಯಿತು. ಒಂದು ಸಲ ಹೊತ್ತಿದರೆ ಗಿರಾಕಿ ಬಂದಿದ್ದಾರೆ, ಎರಡು ಸಲ ಹೊತ್ತಿದರೆ ಪ್ರೂಫ್ ತಾ, ಮೂರು ಸಲ ಹೊತ್ತಿದರೆ ಟೀ ಬಂದಿದೆ.